ಶಿಟಾಕೆಗೆ ಕುದಿನೀರು ಬೇಡ

‘ಅಷ್ಟು ದುಡ್ಡು ಕೊಟ್ಟು ತಂದೆವು, ಬೇಯಿಸಿದರೆ ಚಪ್ಪಲಿ ತೊಗಲು ಅಗಿದ ಹಾಗಾಯಿತು.’ ಒಣ ಶಿಟಾಕೆ ಅಣಬೆ ತಂದವರ ಬಾಯಲ್ಲಿ ನಾನು ಕೇಳುವ ಮಾತು ಹೆಚ್ಚುಕಡಿಮೆ ಇದೇ. ಹೇಗೆ ನೆನೆಹಾಕಿದಿರಿ ಎಂದು ಕೇಳಿದರೆ ಉತ್ತರವೂ ಒಂದೇ: ಕುದಿಯುವ ನೀರು ಸುರಿದು ಹದಿನೈದು ನಿಮಿಷ, ಆಮೇಲೆ ಹಿಂಡಿ ನೀರು ಚೆಲ್ಲಿದೆವು. ತಪ್ಪು ಅಣಬೆಯದ್ದಲ್ಲ.

ಜಪಾನಿನಲ್ಲಿ ಶೀ ಎಂಬ ಮರದ ದಿಮ್ಮಿಯ ಮೇಲೆ ಬೆಳೆಯುವ ತಾಕೆ, ಅಂದರೆ ಅಣಬೆ. ಹೆಸರು ಬಂದದ್ದು ಹಾಗೆ. ಚೀನಾದವರು ಪರಿಮಳದ ಅಣಬೆ ಎನ್ನುತ್ತಾರೆ. ಈಗ ಬಹುಪಾಲು ಬೆಳೆಯುವುದು ಮರದ ಹೊಟ್ಟು ತುಂಬಿದ ಚೀಲಗಳಲ್ಲಿ. ಅಗಿಯಲು ಮಾಂಸದಂತಿರುವುದರಿಂದ ಸಸ್ಯಾಹಾರಿಗಳೂ ಇದನ್ನು ಹುಡುಕಿಕೊಂಡು ಹೋಗುತ್ತಾರೆ.

ಹಸಿ ಶಿಟಾಕೆ ಕೊಳ್ಳುವಾಗ ಕೊಡೆಯನ್ನು ಮಗುಚಿ ನೋಡಿ. ಕೆಳಗಿನ ಪದರಗಳು ಬಿಳಿಯಾಗಿ, ಅಂಚು ಒಳಕ್ಕೆ ಮಡಚಿಕೊಂಡಿದ್ದರೆ ತಾಜಾ. ಪದರದಲ್ಲಿ ಕಂದು ಚುಕ್ಕೆ, ಮುಟ್ಟಿದರೆ ಲೋಳೆ, ಪ್ಲಾಸ್ಟಿಕ್ಕಿನ ಒಳಗೆ ನೀರಹನಿ, ಇವುಗಳಲ್ಲಿ ಒಂದು ಕಂಡರೂ ಬಿಟ್ಟುಬಿಡಿ. ಒಣಗಿದ್ದರಲ್ಲಿ ಎರಡು ಬಗೆ ಮುಖ್ಯ. ಪೂರ್ತಿ ಅರಳುವ ಮುಂಚೆಯೇ ಕಿತ್ತ, ದಪ್ಪ ಕೊಡೆಯದ್ದು ಡೊಂಕೊ. ನಮ್ಮ ಕಿವಿಗೆ ಡೊಂಕು ಎಂದು ಕೇಳಿಸಿದರೂ ಅಗಿಯುವ ಸುಖ ಇರುವುದು ಅದರಲ್ಲೇ. ಅಗಲವಾಗಿ ಅರಳಿದ ತೆಳು ಕೊಡೆಯದ್ದು ಕೋಶಿನ್. ಹೆಚ್ಚಿ ಹಾಕಲು, ಸಾರಿಗೆ ಅದು ಸಾಕು. ಮೊದಲೇ ಹೆಚ್ಚಿ ಒಣಗಿಸಿದ ಪೊಟ್ಟಣ ಅಗ್ಗ, ಆದರೆ ಕೊಡೆ ಎಂಥದ್ದಿತ್ತೆಂದು ಗೊತ್ತಾಗುವುದಿಲ್ಲ. ನಾನಂತೂ ಕೊಳ್ಳುವುದಿಲ್ಲ.

ಹಸಿಯದ್ದನ್ನು ತೊಳೆದು ಇಡಬೇಡಿ. ಪೇಪರ್ ಕವರಿನಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಿ. ಒಣಗಿದ್ದಕ್ಕೆ ಶತ್ರು ತೇವ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಪೊಟ್ಟಣದ ಬಾಯಿಗೆ ಕ್ಲಿಪ್ ಹಾಕಿಟ್ಟರೆ ಹಪ್ಪಳದಂತೆಯೇ ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ. ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಬಿಸಿಲಿದ್ದ ದಿನ ಪದರಗಳ ಭಾಗ ಮೇಲೆ ಮಾಡಿ ಕೆಲವು ಗಂಟೆ ಒಣಗಿಸಿದರೆ ವಿಟಮಿನ್ ಡಿ ಕೂಡ ಹೆಚ್ಚುತ್ತದೆ.

ಈಗ ನೆನೆಹಾಕುವ ವಿಷಯ. ಶಿಟಾಕೆಯ ರುಚಿಯ ಹಿಂದಿರುವುದು ಗ್ವಾನಿಲೇಟ್ ಎಂಬ ವಸ್ತು. ಇದು ಉಮಾಮಿ ಎಂಬ, ಮಾಂಸದ ಸಾರಿನಂಥ ಗಾಢ ರುಚಿ ಕೊಡುತ್ತದೆಂದು 1957ರಲ್ಲಿ ತೋರಿಸಿದವರು ಜಪಾನಿನ ಅಕಿರಾ ಕುನಿನಾಕಾ. ಒಣ ಅಣಬೆಯಲ್ಲಿ ಅದು ಸಿದ್ಧವಾಗಿ ಕೂತಿರುವುದು ಕಡಿಮೆ. ಅಣಬೆ ಚೆನ್ನಾಗಿ ನೀರು ಕುಡಿದು, ಆಮೇಲೆ ನಿಧಾನವಾಗಿ ಬಿಸಿಯಾಗುವಾಗ, ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರೊಳಗಿನ ಕಿಣ್ವಗಳು ಅದನ್ನು ತಯಾರಿಸುತ್ತವೆ. ಒಮ್ಮೆಲೇ ಕುದಿನೀರು ಸುರಿದರೆ ಕಿಣ್ವಗಳು ಕೆಲಸ ಶುರುಮಾಡುವ ಮೊದಲೇ ಕೆಟ್ಟುಹೋಗುತ್ತವೆ. ಅಷ್ಟು ಬೇಗ ನೀರೂ ಒಳತನಕ ಇಳಿಯುವುದಿಲ್ಲ: ಹೊರಗೆ ಮೆತ್ತಗೆ, ನಡುವೆ ಗಟ್ಟಿ. ಚಪ್ಪಲಿ ತೊಗಲಿನ ಕಥೆ ಇದೇ.

ಆದ್ದರಿಂದ ಹಿಂದಿನ ರಾತ್ರಿಯೇ ಅಣಬೆಯನ್ನು ಒಮ್ಮೆ ಜಾಲಿಸಿ, ತಣ್ಣೀರಿನಲ್ಲಿ ಮುಳುಗಿಸಿ, ಮೇಲೆ ಸಣ್ಣ ತಟ್ಟೆ ಕವುಚಿ ಫ್ರಿಜ್ಜಿನಲ್ಲಿಡಿ. ತಟ್ಟೆ ಯಾಕೆಂದರೆ ಅಣಬೆ ತೇಲುತ್ತದೆ, ತೇಲಿದ ಭಾಗ ನೆನೆಯುವುದಿಲ್ಲ. ಹೆಸರುಕಾಳು ರಾತ್ರಿಯೇ ನೆನೆಹಾಕುವ ನಮಗೆ ಇದೇನು ಕಷ್ಟ? ‘ನೆಂಟರು ಬಂದುಬಿಟ್ಟರು, ಟೈಮಿಲ್ಲ’ ಎನ್ನುವವರಿಗೆ ನನ್ನ ಸಲಹೆ: ಅವತ್ತು ಬೇರೆ ಪಲ್ಯ ಮಾಡಿ.

ಬೆಳಿಗ್ಗೆ ಆ ಕಂದು ನೀರನ್ನು ಚೆಲ್ಲಬೇಡಿ. ಒಮ್ಮೆ ನಾನು ನೆನೆಹಾಕಿ ಮಲಗಿದ್ದೆ. ಮನೆಗೆ ಬಂದಿದ್ದ ಅತ್ತಿಗೆ ಬೆಳಿಗ್ಗೆ ಬೇಗ ಎದ್ದು, ಕೊಳೆ ನೀರು ಎಂದುಕೊಂಡು ಸಿಂಕಿಗೆ ಸುರಿದಿದ್ದರು. ಅರ್ಧ ರುಚಿ ಹೋದದ್ದು ಹಾಗೆ. ತೆಳು ಬಟ್ಟೆಯಲ್ಲಿ ಸೋಸಿ, ತಳದ ಗಸಿ ಮಾತ್ರ ಬಿಟ್ಟು ಉಳಿದದ್ದೆಲ್ಲ ಬಳಸಿ. ಟೊಮೆಟೊ ಸಾರಿಗೆ ಒಂದು ಲೋಟ ಹಾಕಿ ನೋಡಿ. ಟೊಮೆಟೊದಲ್ಲಿ ಉಮಾಮಿ ಕೊಡುವ ಇನ್ನೊಂದು ವಸ್ತು ಗ್ಲುಟಮೇಟ್ ಇದೆ, ಅಣಬೆಯ ನೀರಿನಲ್ಲಿ ಗ್ವಾನಿಲೇಟ್. ಎರಡೂ ಸೇರಿದರೆ ಒಂದನ್ನೊಂದು ಎತ್ತಿಹಿಡಿಯುತ್ತವೆ. ಜಪಾನಿನ ಬೌದ್ಧ ಮಠಗಳ ಅಡುಗೆಯಲ್ಲಿ ಕೊಂಬು ಎಂಬ ಕಡಲಪಾಚಿಯನ್ನೂ ಶಿಟಾಕೆಯನ್ನೂ ನೆನೆಸಿದ ನೀರೇ ಸಾರಿನ ತಳಪಾಯ. ಅವರೂ ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ. ನಮ್ಮ ಮಡಿ ಅಡುಗೆಮನೆಯಲ್ಲಿ ಆ ಎರಡರ ಜೊತೆ ಅಣಬೆಗೂ ಪ್ರವೇಶವಿಲ್ಲ ಎನ್ನುವುದಷ್ಟೇ ವ್ಯತ್ಯಾಸ.

ಇನ್ನು ಅಡುಗೆ. ನೆನೆದ ಡೊಂಕೊ ಎಂಟು ತೆಗೆದುಕೊಂಡು ತೊಟ್ಟು ಕತ್ತರಿಸಿ. ಅದು ಎಷ್ಟು ಬೇಯಿಸಿದರೂ ನಾರು. ಚಿಕ್ಕ ಪಾತ್ರೆಯಲ್ಲಿ ಕೊಡೆಗಳನ್ನು ಜೋಡಿಸಿ, ಸೋಸಿದ ನೀರು ಒಂದೂವರೆ ಲೋಟ ಹಾಕಿ ಸಣ್ಣ ಉರಿಯಲ್ಲಿ ಬಿಸಿಗಿಡಿ. ನೊರೆ ಬಂದರೆ ತೆಗೆಯಿರಿ. ಎರಡು ಚಮಚ ಸಕ್ಕರೆ ಹಾಕಿ ಹತ್ತು ನಿಮಿಷ ಬಿಟ್ಟು ಎರಡು ಚಮಚ ಸೋಯಾ ಸಾಸ್ ಸೇರಿಸಿ. ನೀರು ಇಂಗಿ ಅಣಬೆ ಹೊಳೆಯುವವರೆಗೆ, ಸುಮಾರು ಇಪ್ಪತ್ತು ನಿಮಿಷ, ಬೇಯಲಿ. ಜಪಾನಿನಲ್ಲಿ ಇದನ್ನೇ ಹೆಚ್ಚಿ ಸುಶಿಗೂ ಹಾಕುತ್ತಾರೆ. ಬಿಸಿ ಅನ್ನದ ಜೊತೆ ನಮಗೂ ಒಗ್ಗುತ್ತದೆ. ಉಪ್ಪು ಬೇಡ, ಸೋಯಾದಲ್ಲೇ ಸಾಕಷ್ಟಿದೆ.

ಹಸಿ ಶಿಟಾಕೆಯಾದರೆ ಹೆಚ್ಚಿ, ಕಾದ ಕಬ್ಬಿಣದ ಬಾಣಲೆಯಲ್ಲಿ ಒತ್ತೊತ್ತಾಗಿಸದೆ ಹರಡಿ. ಅಂಚು ಕೆಂಪಾದ ಮೇಲೆ ಎಣ್ಣೆ, ಕರಿಮೆಣಸು, ಕೊನೆಗೆ ಉಪ್ಪು. ಹಸಿ ಅಣಬೆ ಉಳಿದರೆ ಹೆಚ್ಚಿ ಫ್ರೀಜರಿನಲ್ಲಿಡಿ. ಕರಗಿಸದೆ ನೇರ ಬಾಣಲೆಗೆ ಹಾಕಬಹುದು. ತೊಟ್ಟುಗಳನ್ನು ಸಾರಿನಲ್ಲಿ ಕುದಿಸಿ ತೆಗೆದುಬಿಡಿ.

ಸಲಾಡಿಗೆ ಹಸಿಯಾಗಿ ಮಾತ್ರ ಬೇಡ. ಹಸಿ ಅಥವಾ ಅರೆಬೆಂದ ಶಿಟಾಕೆ ತಿಂದ ಕೆಲವರಿಗೆ ಒಂದೆರಡು ದಿನದಲ್ಲಿ ಮೈಮೇಲೆ ಚಾಟಿಯಿಂದ ಹೊಡೆದಂಥ ಕೆಂಪು ಗೆರೆಗಳು ಏಳುತ್ತವೆ, ತುರಿಕೆ ವಿಪರೀತ. 1977ರಲ್ಲೇ ಜಪಾನಿನಲ್ಲಿ ಇದು ದಾಖಲಾಗಿದೆ. ಅಂಥ ಗೆರೆ ಕಂಡರೆ ಚರ್ಮದ ಡಾಕ್ಟರ ಬಳಿ ಅಣಬೆ ತಿಂದದ್ದನ್ನು ಹೇಳಲು ಮರೆಯಬೇಡಿ.