‘ಕ್ಲ್ಯಾನ್’: ಕುಲದಿಂದ ಕರಾರಿನವರೆಗೆ

ಪದವು ಹಳೆಯದಾಗಿಯೇ ಉಳಿದು, ಅದು ಸೂಚಿಸುವ ವಸ್ತು ಬದಲಾಗುವುದುಂಟು. ಅರ್ಥಪಲ್ಲಟದ ಇಂಥ ಒಂದು ನಿದರ್ಶನ ಇಂದಿನ ಅಂತರ್ಜಾಲದ ಬಂದೂಕಿನ ಆಟಗಳಲ್ಲಿ ದೊರೆಯುತ್ತದೆ. ಕೂಡಿ ಆಡುವವರ ತಂಡಕ್ಕೆ ಅಲ್ಲಿ ‘ಕ್ಲ್ಯಾನ್’ ಎಂಬ ಹೆಸರಿದೆ. ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ‘ಕ್ಲಾನ್’ ಎಂದರೆ ಮಕ್ಕಳು, ಸಂತಾನ. ಅದು ಹುಟ್ಟಿನಿಂದ ಬರುವ ಸಂಬಂಧ. ಆಟದ ಕ್ಲ್ಯಾನ್ ಆದರೋ ಆಯ್ಕೆಯಿಂದ ಬರುವ ಸಂಬಂಧ.

1996ರಲ್ಲಿ ‘ಕ್ವೇಕ್’ ಎಂಬ ಆಟ ಪ್ರಕಟವಾಯಿತು. ದೂರದೂರದ ಆಟಗಾರರು ಅಂತರ್ಜಾಲದಲ್ಲಿ ಸೇರಿ ಆಡತೊಡಗಿದಾಗ ತಮ್ಮವರನ್ನು ಗುರುತಿಸಲು ಪ್ರತಿಯೊಬ್ಬರ ಹೆಸರಿನ ಜೊತೆಗೂ ಒಂದೇ ಸಂಕೇತಾಕ್ಷರ ಸೇರಿಸಿಕೊಂಡರು. ಈ ಅಂಕಿತವೇ ಕ್ಲ್ಯಾನಿನ ಮೊದಲ ಲಕ್ಷಣ. ಜರ್ಮನಿಯ ಓಬರ್‌ಹೌಸೆನ್ ನಗರದಲ್ಲಿ 1997ರಲ್ಲಿ ಹುಟ್ಟಿದ ‘ಎಸ್‌ಕೆ’ ಇಂಥದೊಂದು ಕ್ವೇಕ್ ಕ್ಲ್ಯಾನ್. ಅದರ ಸ್ಥಾಪಕರಲ್ಲಿ ಒಡಹುಟ್ಟಿದವರೂ ಇದ್ದರು. ಪದದ ಮೂಲಾರ್ಥ ಅಲ್ಲಿ ಇನ್ನೂ ಪೂರ್ಣವಾಗಿ ಅಳಿದಿರಲಿಲ್ಲ.

1999ರಲ್ಲಿ ‘ಹಾಫ್-ಲೈಫ್’ ಆಟದ ರೂಪಾಂತರವಾಗಿ ಬಂದ ‘ಕೌಂಟರ್-ಸ್ಟ್ರೈಕ್’ ಕ್ಲ್ಯಾನಿಗೆ ಕಟ್ಟುನಿಟ್ಟಾದ ರಚನೆಯನ್ನು ಕೊಟ್ಟಿತು. ಸ್ಪರ್ಧೆಯಲ್ಲಿ ಎರಡು ಪಕ್ಷಗಳು. ಪ್ರತಿ ಪಕ್ಷದಲ್ಲಿ ಐವರು. ಒಂದು ಪಕ್ಷ ಗೊತ್ತಾದ ಎರಡು ನೆಲೆಗಳಲ್ಲೊಂದರಲ್ಲಿ ಬಾಂಬು ಇಡಬೇಕು. ಇನ್ನೊಂದು ಅದನ್ನು ತಡೆಯಬೇಕು. ಸತ್ತವನು ಮುಂದಿನ ಸುತ್ತಿನವರೆಗೆ ಸುಮ್ಮನೆ ಕಾಯಬೇಕು. ಆದುದರಿಂದ ಕೆಲಸದ ಹಂಚಿಕೆ ಅನಿವಾರ್ಯ. ನಾಯಕನು ಪ್ರತಿ ಸುತ್ತಿನ ಯೋಜನೆ ಹೇಳುತ್ತಾನೆ. ಒಬ್ಬನು ಮೊದಲು ನುಗ್ಗುತ್ತಾನೆ. ಒಬ್ಬನು ದುರ್ಬೀನಿನ ಬಂದೂಕು ಹಿಡಿದು ದೂರದಿಂದ ಗುರಿಯಿಡುತ್ತಾನೆ. ಮತ್ತೊಬ್ಬನು ಹೊಗೆಗುಂಡು, ಕಣ್ಣು ಕೋರೈಸುವ ಗುಂಡು ಎಸೆದು ದಾರಿ ಮಾಡಿಕೊಡುತ್ತಾನೆ. ಇನ್ನೊಬ್ಬನು ಒಂಟಿಯಾಗಿ ಹೊಂಚು ಹಾಕುತ್ತಾನೆ. ದಾರಿ ಮಾಡಿಕೊಟ್ಟವನ ಹೆಸರಿನ ಮುಂದೆ ಅಂಕ ಕಡಿಮೆ; ಗೆಲುವಿನಲ್ಲಿ ಅವನ ಪಾಲು ಕಡಿಮೆಯಲ್ಲ.

ಕ್ಲ್ಯಾನಿನ ನಿಜವಾದ ಪರೀಕ್ಷೆ ಬಂದೂಕಿಗಿಂತ ಹಣದ ವಿಷಯದಲ್ಲಿ ನಡೆಯುತ್ತದೆ. ಆರಂಭದಲ್ಲಿ ಆಟದೊಳಗಿನ 800 ಡಾಲರ್ ಪ್ರತಿಯೊಬ್ಬನ ಕೈಯಲ್ಲಿರುತ್ತದೆ. ಬಲಿಷ್ಠವಾದ ದುರ್ಬೀನು ಬಂದೂಕಿಗೆ 4,750 ಬೇಕು. ಸುತ್ತು ಗೆದ್ದರೆ ಹೆಚ್ಚು ಹಣ, ಸೋತರೆ ಕಡಿಮೆ. ಕೈ ಬರಿದಾದಾಗ ಐವರೂ ಒಪ್ಪಿ ಒಂದು ಸುತ್ತಿನಲ್ಲಿ ಏನನ್ನೂ ಕೊಳ್ಳದೆ ಬಹುಮಟ್ಟಿಗೆ ಸೋಲನ್ನೇ ಸ್ವೀಕರಿಸುತ್ತಾರೆ. ಮುಂದಿನ ಸುತ್ತಿಗೆ ಒಟ್ಟಾಗಿ ಸಜ್ಜಾಗುತ್ತಾರೆ. ಒಬ್ಬನು ಆಸೆಯಿಂದ ಕೊಂಡರೆ ಲೆಕ್ಕವೆಲ್ಲ ತಪ್ಪುತ್ತದೆ. ಹಣವುಳ್ಳವನು ಇಲ್ಲದವನಿಗೆ ಬಂದೂಕು ಕೊಡಿಸುವುದೂ ಇಲ್ಲಿನ ರೂಢಿ. ಗರಡಿಯಲ್ಲಿ ಜೋಡಿ ಹಿಡಿದು ಪಳಗುವಂತೆ ಕ್ಲ್ಯಾನುಗಳು ಪರಸ್ಪರ ಅಭ್ಯಾಸಪಂದ್ಯ ಆಡುತ್ತವೆ. ಎದುರಾಳಿಯ ಹಳೆಯ ಪಂದ್ಯಗಳ ಮುದ್ರಣ ನೋಡಿ ಅವನ ನಡೆಯನ್ನು ಅಭ್ಯಸಿಸುತ್ತವೆ.

ಬಹುಮಾನ ಬೆಳೆದಂತೆ ಸ್ನೇಹದ ಜಾಗಕ್ಕೆ ಸಂಬಳವೂ ಕರಾರೂ ಬಂದವು. 2016ರ ಏಪ್ರಿಲ್‌ನಲ್ಲಿ ಅಮೆರಿಕದ ಕೊಲಂಬಸ್‌ನಲ್ಲಿ ನಡೆದ 10 ಲಕ್ಷ ಡಾಲರ್‌ಗಳ ಮಹಾಸ್ಪರ್ಧೆಯನ್ನು ಬ್ರೆಜಿಲ್‌ನ ಐವರು ‘ಲ್ಯುಮಿನೋಸಿಟಿ’ ಹೆಸರಿನಲ್ಲಿ ಗೆದ್ದರು. ಅದೇ ವರ್ಷ ಜುಲೈನಲ್ಲಿ ಜರ್ಮನಿಯ ಕಲೋನ್‌ನಲ್ಲಿ ಅದೇ ಐವರು ಮತ್ತೊಂದು ಮಹಾಸ್ಪರ್ಧೆ ಗೆದ್ದಾಗ ಅವರ ಅಂಕಿತ ‘ಎಸ್‌ಕೆ’. ಆಟಗಾರರು ಬದಲಾಗಲಿಲ್ಲ, ಹೆಸರು ಬದಲಾಯಿತು. ಹಾಗಾದರೆ ಕ್ಲ್ಯಾನ್ ಯಾವುದು? ಅಂಕಿತವೋ, ಐವರೋ?

ಒಗ್ಗಟ್ಟು ತನ್ನಷ್ಟಕ್ಕೆ ಒಳಿತೇ ಆಗಬೇಕೆಂದಿಲ್ಲ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಪ್ರಬಲ ತಂಡವೊಂದು ಪಣದ ಲಾಭಕ್ಕಾಗಿ ಪಂದ್ಯವನ್ನು ಬೇಕೆಂದೇ ಸೋತಿತು. 2015ರ ಜನವರಿಯಲ್ಲಿ ಆಟದ ಒಡೆತನವುಳ್ಳ ವಾಲ್ವ್ ಸಂಸ್ಥೆಯು ಆ ತಂಡದ ನಾಲ್ವರನ್ನು ತನ್ನ ಪ್ರಾಯೋಜಿತ ಸ್ಪರ್ಧೆಗಳಿಂದ ಹೊರಗಿಟ್ಟಿತು. ಲಾಭದ ಪಾಲನ್ನು ಮುಟ್ಟದ ಐದನೆಯವನು ನಿಷೇಧಕ್ಕೆ ಒಳಗಾಗಲಿಲ್ಲ. ಬಳಗದ ನಿಷ್ಠೆಗೂ ಆಟದ ನಿಷ್ಠೆಗೂ ಘರ್ಷಣೆ ಬಂದಾಗ ಕ್ಲ್ಯಾನಿನ ಅಂಕಿತ ಯಾರನ್ನೂ ಕಾಯಲಾರದು.

ಈ ಪದಕ್ಕೆ ಕನ್ನಡದಲ್ಲಿ ಏನು ಹೇಳಬೇಕು? ‘ಕುಲ’, ‘ಬೆಡಗು’ ಹುಟ್ಟನ್ನು ಹೇಳುತ್ತವೆ. ಹುಟ್ಟನ್ನು ಯಾರೂ ಬದಲಿಸಲಾರರು. ಮರಾಠಿಯ ‘ಟೋಳಿ’ ಗುಂಪನ್ನು ಹೇಳುತ್ತದೆ, ಕಟ್ಟುಪಾಡನ್ನು ಹೇಳುವುದಿಲ್ಲ. ಉಂಡ ಅನ್ನದ ಋಣಕ್ಕಾಗಿ ಕಾದುವ ವೀರನ ಕರ್ತವ್ಯಕ್ಕೆ ಹಳಗನ್ನಡವು ‘ಜೋಳವಾಳಿ’ ಎಂದಿತು. ಸಂಬಳದ ಆಟಗಾರನ ಸ್ಥಿತಿಗೆ ಅದು ಸಮೀಪವಾದರೂ, ಕರಾರು ಮುಗಿದೊಡನೆ ಈತನ ಋಣವೂ ಮುಗಿಯುತ್ತದೆ. ‘ಬಳಗ’ ಎಂಬುದು ಬಂಧುಗಳನ್ನೂ ಸ್ನೇಹಿತರನ್ನೂ ಒಳಗೊಳ್ಳುವ ಪದ. ಆರಂಭದ ಕ್ಲ್ಯಾನಿಗೆ ಅದೇ ಒಪ್ಪುತ್ತದೆ. ಇಂದಿನ ವೃತ್ತಿಪರ ಕ್ಲ್ಯಾನಿಗೆ ‘ತಂಡ’ ಸಾಕು. ಒಂದೇ ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಎರಡು ಪದ ಬೇಕಾಗುವುದು ಭಾಷೆಯ ಬಡತನವಲ್ಲ, ವಿವೇಚನೆಯ ಲಕ್ಷಣ.

ಅಭ್ಯಾಸ: ‘ಪಡೆ’, ‘ದಂಡು’, ‘ಕೂಟ’, ‘ಸಂಘ’ ಎಂಬ ಪದಗಳಲ್ಲಿ ಹುಟ್ಟು, ಆಯ್ಕೆ, ಕರಾರು ಇವುಗಳಲ್ಲಿ ಯಾವ ಸಂಬಂಧ ಮುಖ್ಯವೆಂಬುದನ್ನು ಉದಾಹರಣೆಗಳೊಡನೆ ವಿವೇಚಿಸಿರಿ.