ಅಚ್ಚಾದ ಬೆಲೆಗೇ ಟಿಕೆಟ್

2025ರ ಮೇ 17ರ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಒಂದು ಚೆಂಡೂ ಬೀಳಲಿಲ್ಲ. ಆರ್‌ಸಿಬಿಗೂ ಕೋಲ್ಕತ್ತಕ್ಕೂ ಪಂದ್ಯ. ಕೊಹ್ಲಿ ಆ ವಾರವಷ್ಟೇ ಟೆಸ್ಟ್ ಕ್ರಿಕೆಟ್ ಬಿಟ್ಟಿದ್ದರಿಂದ ಅಭಿಮಾನಿಗಳು ಕೆಂಪಂಗಿ ಬಿಟ್ಟು ಬಿಳಿ ಜೆರ್ಸಿ ಹಾಕಿಕೊಂಡು ಬಂದಿದ್ದರು. ಮಳೆ ಬಿಡಲೇ ಇಲ್ಲ. ಮರುದಿನ ತಂಡದವರು ಟಿಕೆಟ್ ಹಣ ಪೂರ್ತಿ ವಾಪಸ್ ಕೊಡುವುದಾಗಿ ಪ್ರಕಟಿಸಿದರು. ಮೊಬೈಲ್ ಟಿಕೆಟ್ಟಿನವರ ಹಣ ಯಾವ ಖಾತೆಯಿಂದ ಕಟ್ಟಿದ್ದರೋ ಆ ಖಾತೆಗೇ ಹೋಗುತ್ತದೆ ಅಂತಲೂ ಅದರಲ್ಲಿತ್ತು.

ನಮ್ಮ ಆಫೀಸಿನ ಹುಡುಗನೊಬ್ಬ ಸೋಮವಾರ ಬೆಳಿಗ್ಗೆ ಬಂದವನೇ ಕೇಳಿದ: "ಸಾರ್, ರಿಫಂಡ್ ಎಷ್ಟು ದಿನಕ್ಕೆ ಬರುತ್ತೆ?"

"ಟಿಕೆಟ್ಟಿಗೆ ದುಡ್ಡು ಕಟ್ಟಿದ್ದು ಯಾರ ಅಕೌಂಟಿಂದ?"

ಅವನು ಮಾತಾಡಲಿಲ್ಲ. ಬ್ಲಾಕ್‌ನಲ್ಲಿ ಮೂರು ಪಟ್ಟು ಕೊಟ್ಟು ತಗೊಂಡಿದ್ದ. ಮಾರಿದವನ ಲೆಕ್ಕ ನೋಡಿ: ಮೂರು ಪಟ್ಟು ಮೊದಲೇ ಕೈಗೆ ಬಂದಿತ್ತು, ಈಗ ತಾನು ಹಾಕಿದ ಅಸಲೂ ತಾನಾಗಿಯೇ ಅವನ ಖಾತೆಗೆ ಬಂದು ಬೀಳುತ್ತದೆ. ಹಾಕಿದ್ದು ಒಂದು ಪಾಲು, ಬಂದದ್ದು ನಾಲ್ಕು ಪಾಲು. ಹುಡುಗ ಅವನಿಗೆ ಫೋನ್ ಮಾಡಿ ನೋಡಿದ, ನಂಬರ್ ಸ್ವಿಚ್ ಆಫ್.

ನಾನು ಅಚ್ಚಾದ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ಕೊಟ್ಟು ಟಿಕೆಟ್ ತಗೊಳ್ಳುವವನಲ್ಲ. ದೊಡ್ಡ ಆದರ್ಶವೇನೂ ಅಲ್ಲ ಇದು, ಅರ್ಧ ಜಿಪುಣತನ, ಅರ್ಧ ಹಟ. ಕಲಿತದ್ದು ಕ್ರಿಕೆಟ್ ಮೈದಾನದಲ್ಲಿ ಅಲ್ಲ, ಕೆಂಪೇಗೌಡ ರಸ್ತೆಯಲ್ಲಿ. ಸಾಗರ್, ಸಂತೋಷ್, ನರ್ತಕಿ, ಕಪಾಲಿ, ತ್ರಿಭುವನ್ ಥಿಯೇಟರುಗಳು ಆಸುಪಾಸಿನಲ್ಲೇ ಜೀವಂತವಾಗಿದ್ದ ಕಾಲ. ರಾಜ್‌ಕುಮಾರ್ ಸಿನಿಮಾ ಬಿಡುಗಡೆಯಾದ ವಾರ ಅಂದರೆ ಕೌಂಟರ್ ತೆಗೆದ ಸ್ವಲ್ಪ ಹೊತ್ತಿಗೇ ಹೌಸ್‌ಫುಲ್ ಬೋರ್ಡು. ಒಬ್ಬರೇ ನುಗ್ಗಬಹುದಾದ ಕಬ್ಬಿಣದ ಕಂಬಿಯ ಓಣಿಯಲ್ಲಿ ಬೆವರಿ, ಅಂಗಿ ಗುಂಡಿ ಕಿತ್ತುಕೊಂಡು ಕಿಂಡಿಯ ತನಕ ಹೋದರೆ ಒಳಗಿನವನು ತಲೆ ಎತ್ತದೆ "ಇಲ್ಲ" ಅನ್ನುತ್ತಿದ್ದ. ಹೊರಗೆ ಬಂದರೆ ಪಕ್ಕದಲ್ಲೇ ಸುಳಿಯುತ್ತಾ, ನಮ್ಮ ಮುಖ ನೋಡದೆ "ಬಾಲ್ಕನಿ, ಬಾಲ್ಕನಿ" ಎಂದು ಹಲ್ಲು ಕಚ್ಚಿ ಗೊಣಗುವವರು.

ನಮ್ಮ ಚಿಕ್ಕಪ್ಪ ಇವರ ಹತ್ತಿರ ಸುಳಿಯುತ್ತಲೇ ಇರಲಿಲ್ಲ. ನನ್ನ ಕೈ ಹಿಡಿದು ರಸ್ತೆ ದಾಟಿಸಿ, ಹೋಟೆಲಿನಲ್ಲಿ ಒಂದು ಬೈಟು ಕಾಫಿ ಹೇಳಿ ಕೂತುಬಿಡುತ್ತಿದ್ದರು. "ಇನ್ನೂ ನ್ಯೂಸ್‌ರೀಲೇ ಶುರುವಾಗಿಲ್ಲ ಕಣೋ, ಕೂತ್ಕೋ." ಆಗ ಪ್ರತಿ ಸಿನಿಮಾಕ್ಕೂ ಮುಂಚೆ ಫಿಲ್ಮ್ಸ್ ಡಿವಿಷನ್ನಿನ ಕಪ್ಪು ಬಿಳುಪು ಚಿತ್ರ ತೋರಿಸಬೇಕಿತ್ತು. ಅದು ಮುಗಿಯುವ ಹೊತ್ತಿಗೆ ಗೊಣಗುವವರ ದನಿ ಏರುತ್ತಿತ್ತು, ರೇಟು ಇಳಿಯುತ್ತಿತ್ತು. ಟೈಟಲ್ ಬಿದ್ದ ಮೇಲೆ ಆ ಚೀಟಿ ಬರೀ ಕಾಗದ ಅನ್ನುವುದು ಚಿಕ್ಕಪ್ಪನಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಕೌಂಟರ್ ರೇಟಿಗೇ ಗಿಟ್ಟಿಸಿ, ಕತ್ತಲಲ್ಲಿ ಯಾರದೋ ಕಾಲು ತುಳಿದುಕೊಂಡು ಹೋಗಿ ಕೂತದ್ದುಂಟು. ಸಿಗದೆ ಮನೆಗೆ ವಾಪಸಾದದ್ದೂ ಉಂಟು. ಆಗ ಚಿಕ್ಕಪ್ಪ ಮುಖ ಗಂಟು ಹಾಕಿಕೊಳ್ಳುತ್ತಿರಲಿಲ್ಲ. ನಿಜವಾದ ಪಾಠ ಅಲ್ಲೇ ಇತ್ತು ಅಂತ ಈಗ ಅನ್ನಿಸುತ್ತದೆ: ಇವತ್ತೇ, ಇದೇ ಷೋ ಆಗಬೇಕು ಅನ್ನುವವನ ಜೇಬಿಗೆ ಮಾತ್ರ ಬ್ಲಾಕಿನವನು ಕೈ ಹಾಕಬಲ್ಲ.

ಈಗ ಕಂಬಿಯ ಓಣಿ ಮೊಬೈಲ್ ಒಳಗೆ ಹೋಗಿದೆ. ಬ್ಲಾಕಿನವನು ಹತ್ತಾರು ನಂಬರ್ ಇಟ್ಟುಕೊಂಡು ನಮ್ಮ ಜೊತೆಗೇ ಆ ಕ್ಯೂನಲ್ಲಿ ನಿಂತಿರುತ್ತಾನೆ. ಅವನ ಬಂಡವಾಳ ಮಾತ್ರ ಹಳೆಯದೇ, ನಮ್ಮ ಗಾಬರಿ. ಆನ್‌ಲೈನ್ ಮಾರಾಟ ತೆರೆದ ಮೊದಲ ಐದು ನಿಮಿಷದಲ್ಲಿ ಮೈದಾನದ ನಕ್ಷೆಯಲ್ಲಿ ಒಂದೊಂದೇ ಸ್ಟ್ಯಾಂಡ್ ಬೂದಿ ಬಣ್ಣಕ್ಕೆ ತಿರುಗುತ್ತದೆ. ಎಲ್ಲ ಮುಗಿಯಿತು ಎಂದುಕೊಂಡು ಜನ ಆಪ್ ಮುಚ್ಚುತ್ತಾರೆ, ವಾಟ್ಸ್ಯಾಪಿನಲ್ಲಿ "ಎಷ್ಟಾದರೂ ಪರವಾಗಿಲ್ಲ, ಯಾರ ಹತ್ತಿರವಾದರೂ ಇದೆಯಾ" ಎಂದು ಹಾಕುತ್ತಾರೆ. ಆದರೆ ಆ ಬೂದಿ ಬಣ್ಣದ ಸೀಟುಗಳೆಲ್ಲ ಮಾರಾಟವಾದವಲ್ಲ. ಯಾರೋ ಆರಿಸಿಕೊಂಡು ದುಡ್ಡು ಕಟ್ಟುತ್ತಿದ್ದಾರೆ ಅಷ್ಟೆ. ಒಬ್ಬನ ಯುಪಿಐ ಮಿತಿ ದಾಟಿರುತ್ತದೆ, ಇನ್ನೊಬ್ಬನಿಗೆ ಓಟಿಪಿ ಬರುವುದಿಲ್ಲ, ಮತ್ತೊಬ್ಬಳು ಗಂಡನನ್ನು ಕೇಳಿ ಹೇಳುತ್ತೇನೆ ಅಂತ ಕೂತಿರುತ್ತಾಳೆ. ಕೊಟ್ಟ ಕೆಲವು ನಿಮಿಷದ ಗಡುವು ಮುಗಿದರೆ ಸೀಟು ತಾನಾಗಿ ಬಿಡುಗಡೆಯಾಗುತ್ತದೆ. ಕಾಲು ಗಂಟೆ ಕಳೆದ ಮೇಲೆ ಸತ್ತಂತಿದ್ದ ನಕ್ಷೆಯಲ್ಲಿ ಅಲ್ಲೊಂದು ಇಲ್ಲೊಂದು ಸೀಟು ಹೊತ್ತಿಕೊಳ್ಳುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ನನಗೆ ಸಿಕ್ಕ ಟಿಕೆಟ್‌ಗಳು ಹೆಚ್ಚಾಗಿ ಸಿಕ್ಕಿದ್ದು ಆ ಹೊತ್ತಿನಲ್ಲೇ.

ನಾಲ್ಕು ಸೀಟು ಒಟ್ಟಿಗೇ ಬೇಕು ಅಂದರೆ ಮಾತ್ರ ಆ ಹೊತ್ತಿನಲ್ಲೂ ಕಷ್ಟ. ನಮ್ಮ ಮನೆಯಲ್ಲಿ ಇದೊಂದು ಒಪ್ಪಂದವಾಗಿದೆ: ಇಬ್ಬಿಬ್ಬರು ಬೇರೆ ಬೇರೆ ಕಡೆ ಕೂರುವುದು, ಊಟದ ಹೊತ್ತಿಗೆ ಸೇರುವುದು. ಉಳಿದ ತಯಾರಿ ಎಲ್ಲರಿಗೂ ಗೊತ್ತಿರುವಂಥದ್ದೇ. ಮೊದಲೇ ಲಾಗಿನ್ ಆಗಿರಿ, ದುಡ್ಡು ಕಟ್ಟುವ ಎರಡು ದಾರಿ ಸಿದ್ಧವಿರಲಿ, ಕ್ಯೂನಲ್ಲಿದ್ದಾಗ ಪುಟವನ್ನು ರಿಫ್ರೆಶ್ ಮಾಡಬೇಡಿ.

ಎರಡನೆಯ ವಿಷಯ, ದೊಡ್ಡ ಪಂದ್ಯಗಳ ಟಿಕೆಟ್ ಒಂದೇ ದಿನ ಪೂರ್ತಿ ಹೊರಗೆ ಬರುವುದಿಲ್ಲ. 2023ರ ವಿಶ್ವಕಪ್‌ನಲ್ಲಿ ಬೆಂಗಳೂರಿನ ಭಾರತ–ನೆದರ್‌ಲೆಂಡ್ಸ್ ಪಂದ್ಯದ ಟಿಕೆಟ್ ಸೆಪ್ಟೆಂಬರ್ 2ರಂದು ಮಾರಾಟಕ್ಕೆ ಬಂತು, ನೋಡನೋಡುತ್ತಲೇ ಇಲ್ಲವಾಯಿತು. ದೇಶದೆಲ್ಲೆಡೆ ಗಲಾಟೆ ಎದ್ದ ಮೇಲೆ ಬಿಸಿಸಿಐ ಸೆಪ್ಟೆಂಬರ್ 8ರಿಂದ ಇನ್ನೂ ಸುಮಾರು 4 ಲಕ್ಷ ಟಿಕೆಟ್ ಬಿಡುವುದಾಗಿ ಹೇಳಿತು. ಮೊದಲ ವಾರವೇ ಹತ್ತು ಪಟ್ಟು ಕೊಟ್ಟು ಕೊಂಡವರ ಹೊಟ್ಟೆ ಎಷ್ಟು ಉರಿದಿರಬೇಕು!

ನನಗೆ ಆಗಲೂ ಭಾರತದ ಪಂದ್ಯ ಸಿಗಲಿಲ್ಲ. ಸಿಕ್ಕಿದ್ದು ನವೆಂಬರ್ 4ರ ನ್ಯೂಜಿಲೆಂಡ್–ಪಾಕಿಸ್ತಾನ ಪಂದ್ಯ, ಅಚ್ಚಾದ ಬೆಲೆಗೆ. ಬೆಳಿಗ್ಗೆ ಹತ್ತೂವರೆಗೆ ಆಟ. ತಂದೆ ತಾಯಿ ಬೆಂಗಳೂರಿನವರೇ ಆದ ರಚಿನ್ ರವೀಂದ್ರ ನೂರಾ ಎಂಟು ಹೊಡೆದ. ನನ್ನ ಪಕ್ಕದಲ್ಲಿ ಕೂತಿದ್ದ ಬಸವನಗುಡಿಯ ಹಿರಿಯರೊಬ್ಬರು "ನಮ್ಮ ಹುಡುಗ ಕಣ್ರೀ" ಎಂದು ಗುರುತಿಲ್ಲದವರಿಗೆಲ್ಲ ಹೇಳುತ್ತಿದ್ದರು. ನ್ಯೂಜಿಲೆಂಡ್ 401 ಮಾಡಿತು. ಆಮೇಲೆ ಫಖರ್ ಜಮಾನ್ 81 ಚೆಂಡಿಗೆ ಔಟಾಗದೆ 126. ಮಳೆ ಬಂತು, ಡಕ್‌ವರ್ತ್ ಲೂಯಿಸ್ ಲೆಕ್ಕದಲ್ಲಿ ಪಾಕಿಸ್ತಾನ 21 ರನ್ನಿನಿಂದ ಗೆದ್ದಿತು. ನಾನು ಮೈದಾನದಲ್ಲಿ ಕೂತು ನೋಡಿದ ಒಂದು ದಿನದ ಪಂದ್ಯಗಳಲ್ಲಿ ಅದಕ್ಕಿಂತ ಒಳ್ಳೆಯದು ಇಲ್ಲ. ಒಂದು ವಾರದ ಮೇಲೆ ದೀಪಾವಳಿಯ ದಿನ ರಾಹುಲ್, ಶ್ರೇಯಸ್ ಇಬ್ಬರೂ ನೆದರ್‌ಲೆಂಡ್ಸ್ ವಿರುದ್ಧ ನೂರು ಹೊಡೆದದ್ದನ್ನು ಟೀವಿಯಲ್ಲಿ ನೋಡಿದೆ, ಚೆನ್ನಾಗಿಯೇ ಇತ್ತು.

ಟೆಸ್ಟ್ ಪಂದ್ಯವಂತೂ ಈ ಗೋಳಿಲ್ಲದ ಜಾಗ. 2024ರ ಅಕ್ಟೋಬರ್‌ನಲ್ಲಿ ಮತ್ತೆ ನ್ಯೂಜಿಲೆಂಡ್. ಮೊದಲ ದಿನ ಮಳೆ, ಎರಡನೆಯ ದಿನ ಭಾರತ 46ಕ್ಕೆ ಆಲೌಟ್. ನನ್ನ ಟಿಕೆಟ್ ನಾಲ್ಕನೆಯ ದಿನದ್ದು. "ಸೋಲೋ ಮ್ಯಾಚಿಗೆ ಯಾಕ್ರೀ ಹೋಗ್ತೀರಾ" ಎಂದು ಮನೆಯವಳು ಕೇಳಿದಳು. ಅವತ್ತು ಸರ್ಫರಾಜ್ 150, ಪಂತ್ 99. ಸೋತಿದ್ದು ಮರುದಿನ.

ಕ್ರಿಕೆಟ್ಟಿಗೆ ಮಾತ್ರ ಹೊಂದುವ ಮಾತಲ್ಲ ಇದು. 2024ರ ಸೆಪ್ಟೆಂಬರ್ 22ರ ಮಧ್ಯಾಹ್ನ ಕೋಲ್ಡ್‌ಪ್ಲೇ ತಂಡದ ಮುಂಬೈ ಕಾರ್ಯಕ್ರಮದ ಟಿಕೆಟ್ ತೆರೆದಾಗ ನನ್ನ ಅಕ್ಕನ ಮಗಳ ಕ್ಯೂ ನಂಬರ್ ಲಕ್ಷಗಳಲ್ಲಿತ್ತು. 2,500ರಿಂದ 35,000ದ ತನಕ ಇದ್ದ ಟಿಕೆಟ್‌ಗಳು ಸಂಜೆಯ ಹೊತ್ತಿಗೆ ಮರುಮಾರಾಟದ ತಾಣಗಳಲ್ಲಿ ಲಕ್ಷಗಳ ಬೆಲೆ ಹೊತ್ತು ನಿಂತಿದ್ದವು. "ಮಾಮ, ನನ್ನ ಎಫ್‌ಡಿ ಮುರೀಲಾ?" ಎಂದಳು. ಕಾಯಿ ಎಂದೆ. ಆ ತಾಣಗಳಲ್ಲಿ ಹಾಕಿದ್ದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ಹೊರಗಿನವರಿಗೆ ತಿಳಿಯುವ ದಾರಿಯೇ ಇಲ್ಲ. ಮುಂದೆ ಜಾರಿ ನಿರ್ದೇಶನಾಲಯವೇ ಈ ವ್ಯವಹಾರದ ತನಿಖೆಗೆ ಇಳಿಯಿತು. ಅಷ್ಟರಲ್ಲಿ ತಂಡ ಅಹಮದಾಬಾದಿನಲ್ಲೂ ಹಾಡುವುದಾಗಿ ಹೇಳಿತು. ಲಕ್ಷಕ್ಕೂ ಮೀರಿ ಜನ ಹಿಡಿಸುವ ಮೈದಾನ. ನವೆಂಬರ್‌ನಲ್ಲಿ ಅವಳಿಗೆ ಅಲ್ಲಿಗೆ ಅಸಲು ಬೆಲೆಯಲ್ಲೇ ಸಿಕ್ಕಿತು. ಅದೇ ತಿಂಗಳು 22ರಂದು ತಂಡ 2,000 ರೂಪಾಯಿಯ ಟಿಕೆಟ್‌ಗಳನ್ನೂ ಬಿಟ್ಟಿತು, ಎರಡೆರಡರ ಜೋಡಿಯಾಗಿ, ಸೀಟು ಎಲ್ಲಿ ಅಂತ ಮೊದಲೇ ಹೇಳದೆ. ಜನವರಿ 26ರ ಕಾರ್ಯಕ್ರಮ ಮೊಬೈಲಿನಲ್ಲಿ ನೇರಪ್ರಸಾರವೂ ಆಯಿತು. ನಾನು ಅದನ್ನು ಮನೆಯಲ್ಲಿ ಕೂತು, ಉಪ್ಪಿಟ್ಟು ತಿನ್ನುತ್ತಾ ನೋಡಿದೆ. ಹಾಡು ಅಷ್ಟೇನೂ ಹತ್ತಲಿಲ್ಲ, ಬೆಳಕಿನಾಟ ಚೆನ್ನಾಗಿತ್ತು.

ಇನ್ನು ಕೊನೆಯ ದಿನ ಹೆಚ್ಚಾಗಿ ಉಳಿಯುವ ಟಿಕೆಟ್. ಯಾರದೋ ಮಗುವಿಗೆ ಜ್ವರ, ಯಾರಿಗೋ ಆಫೀಸಿನ ಮೀಟಿಂಗ್. ಅಪಾರ್ಟ್‌ಮೆಂಟಿನ, ಹಳೆ ಕಾಲೇಜಿನ ಗುಂಪುಗಳಲ್ಲಿ ಇಂಥವು ಪಂದ್ಯದ ಬೆಳಿಗ್ಗೆ ಬಂದೇ ಬರುತ್ತವೆ, ಹೆಚ್ಚಿನವರು ಅಸಲು ಬಂದರೆ ಸಾಕು ಅನ್ನುತ್ತಾರೆ. ಆದರೆ ಮೊಬೈಲಿನಲ್ಲಿ ಕ್ಯೂಆರ್ ಚಿತ್ರ ಕಳಿಸುತ್ತೇನೆ ಅನ್ನುವವರ ಹತ್ತಿರ ನಾನು ತಗೊಳ್ಳುವುದಿಲ್ಲ. ಒಂದೇ ಚಿತ್ರವನ್ನು ಐದು ಜನಕ್ಕೆ ಮಾರಬಹುದು, ಮೊದಲು ಗೇಟು ತಲುಪಿದವನು ಒಳಗೆ. ನಮ್ಮ ಬೀದಿಯ ದಂಪತಿಗೆ ಹೀಗೇ ಆಯಿತು. ಸ್ಕ್ಯಾನ್ ಮಾಡುವ ಹುಡುಗ ಎರಡೆರಡು ಸಲ ಹಿಡಿದು ನೋಡಿ, "ಮೇಡಂ, ಇದರಲ್ಲಿ ಆಗಲೇ ಎಂಟ್ರಿ ಆಗಿದೆ" ಎಂದನಂತೆ. ಹಿಂದಿನವರು ತಳ್ಳುತ್ತಿದ್ದರು, ಪಕ್ಕಕ್ಕೆ ಸರಿದರು, ಅಷ್ಟೆ. ಆದ್ದರಿಂದ ನಾನು ಹುಡುಕುವುದು ತಾನೂ ಆಟಕ್ಕೆ ಹೋಗುತ್ತಿರುವ, ಕೈಯಲ್ಲಿ ಒಂದು ಹೆಚ್ಚುವರಿ ಇರುವ ಮನುಷ್ಯನನ್ನು. ಗೇಟಿನ ಹತ್ತಿರ ಸೇರುವುದು, ಒಟ್ಟಿಗೆ ಸ್ಕ್ಯಾನ್ ಮಾಡಿಸಿ ಒಳಗೆ ಹೋಗುವುದು, ಒಳಗೆ ಹೋದ ಮೇಲೆ ದುಡ್ಡು ಕಳಿಸುವುದು. ಇದಕ್ಕೆ ಒಪ್ಪದವನ ಟಿಕೆಟ್ ನನಗೆ ಬೇಡ. ಹೀಗೆ ಪರಿಚಯವಾದ ತುಮಕೂರಿನ ಮೇಷ್ಟ್ರೊಬ್ಬರು ಈಗ ಪಂದ್ಯ ಬಂದಾಗಲೆಲ್ಲ ಅವರೇ ಫೋನ್ ಮಾಡುತ್ತಾರೆ.

ಅಚ್ಚಾದ ಬೆಲೆ ನ್ಯಾಯವಾದ ಬೆಲೆ ಅಂತ ನಾನು ಹೇಳುತ್ತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಐಪಿಎಲ್ ಟಿಕೆಟ್ಟಿನ ಜಿಎಸ್‌ಟಿ 28ರಿಂದ ಶೇ 40ಕ್ಕೆ ಏರಿದೆ; ಸಾವಿರದ ಟಿಕೆಟ್ ಕೈಗೆ ಬರುವಾಗ 1,400. ಅದರ ಮೇಲೆ ಬ್ಲಾಕಿನವನಿಗೂ ಕೊಡಬೇಕೆಂದರೆ ಸಂಬಳದವನು ಮನೆಮಂದಿಯನ್ನು ಕರೆದುಕೊಂಡು ಹೋಗುವ ಮಾತೇ ಇಲ್ಲ.

ಕಾನೂನು ನೆಚ್ಚಿಕೊಂಡು ಕೂತರೆ ಆಗದು. ಐರ್ಲೆಂಡ್ 2021ರಲ್ಲೇ ದೊಡ್ಡ ಕಾರ್ಯಕ್ರಮಗಳ ಟಿಕೆಟ್ ಅಸಲಿಗಿಂತ ಹೆಚ್ಚಿಗೆ ಮಾರುವುದನ್ನು ನಿಷೇಧಿಸಿತು. ನಮ್ಮಲ್ಲಿ ಕ್ರೀಡಾಂಗಣದ ಹೊರಗೆ ಮಾರುವವರನ್ನು ಪೊಲೀಸರು ಆಗಾಗ ಹಿಡಿಯುತ್ತಾರೆ, ಅದು ಸುದ್ದಿಯೂ ಆಗುತ್ತದೆ. ಆನ್‌ಲೈನ್ ಬ್ಲಾಕ್ ತಡೆಯಲು ನಿಯಮ ಬೇಕೆಂದು ಹೋದ ಅರ್ಜಿಯನ್ನು 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ತಳ್ಳಿಹಾಕಿತು, ಅದು ಶಾಸನ ಮಾಡುವವರ ಕೆಲಸ ಎಂದಿತು. ಶಾಸನ ಮಾಡುವವರ ಪೈಕಿ ಎಷ್ಟು ಮಂದಿ ಕ್ಯೂನಲ್ಲಿ ನಿಂತು ಟಿಕೆಟ್ ಕೊಂಡಿದ್ದಾರೋ!

ಹಾಗಾಗಿ ನನ್ನ ಬೇಡಿಕೆ ಪಂದ್ಯ ನಡೆಸುವವರಲ್ಲಿ. ಮೈದಾನದ ಒಟ್ಟು ಸೀಟಿನಲ್ಲಿ ಕ್ಲಬ್ಬುಗಳಿಗೆ ಎಷ್ಟು, ಪ್ರಾಯೋಜಕರಿಗೆ ಎಷ್ಟು, ಪುಕ್ಕಟೆ ಪಾಸಿಗೆ ಎಷ್ಟು, ಸಾರ್ವಜನಿಕರಿಗೆ ಎಷ್ಟು ಅನ್ನುವುದನ್ನು ಮಾರಾಟಕ್ಕೆ ಮುಂಚೆ ಪ್ರಕಟಿಸಿ. ಉಳಿದದ್ದನ್ನು ಯಾವ ದಿನ, ಎಷ್ಟು ಗಂಟೆಗೆ ಬಿಡುತ್ತೀರಿ ಎಂದು ಹೇಳಿ. ಬರಲಾಗದವರು ಅಸಲು ಬೆಲೆಗೇ ವಾಪಸ್ ಮಾಡಲು ಒಂದು ಕಿಂಡಿ ಇಡಿ. 2025ರ ಜೂನ್ 4ರಂದು ಆರ್‌ಸಿಬಿಯ ವಿಜಯೋತ್ಸವದ ನೂಕುನುಗ್ಗಲಿನಲ್ಲಿ ಇದೇ ಚಿನ್ನಸ್ವಾಮಿಯ ಗೇಟುಗಳ ಮುಂದೆ 11 ಜನ ಸತ್ತ ದಿನ, ಒಳಗೆ ಹೋಗಲು ಪಾಸ್ ಬೇಕೋ ಬೇಡವೋ ಎನ್ನುವುದೇ ಎಷ್ಟೋ ಜನರಿಗೆ ಗೊತ್ತಿರಲಿಲ್ಲ. ಒಳಗೆ ಎಷ್ಟು ಸೀಟು, ಯಾರಿಗೆ, ಹೇಗೆ ಎಂದು ಮೊದಲೇ ತಿಳಿಸುವುದಕ್ಕೆ ಹೊಸ ಕಾನೂನೂ ಬೇಡ, ದುಡ್ಡೂ ಬೇಡ. ಬೆಂಗಳೂರಿನ ಮುಂದಿನ ದೊಡ್ಡ ಪಂದ್ಯದಿಂದಲೇ ಶುರುಮಾಡಿ.