ಗ್ಯಾಸ್ ಗೀಸರ್: ದೋಷ ಅರಿಯೋಣ, ಪ್ರಾಣ ಕಾಯೋಣ

ಹಿಂದೆ ಬಚ್ಚಲುಮನೆಯ ಹಂಡೆಯ ಒಲೆಗೆ ಸೌದೆಯಿಟ್ಟು ನೀರು ಕಾಯಿಸುತ್ತಿದ್ದೆವು. ಗಾಳಿ ಸಾಲದಿದ್ದರೆ ಹೊಗೆ ಕಣ್ಣುರಿಸಿ ನಮ್ಮನ್ನು ಹೊರಗೆ ಕಳುಹಿಸುತ್ತಿತ್ತು. ಇಂದು ಅನೇಕ ಮನೆಗಳಲ್ಲಿ ಆ ಸ್ಥಾನವನ್ನು ಗ್ಯಾಸ್ ಗೀಸರ್ ಪಡೆದಿದೆ. ಹೊಗೆಯಿಲ್ಲ, ಬೂದಿಯಿಲ್ಲ, ಕ್ಷಣಮಾತ್ರದಲ್ಲಿ ಬಿಸಿನೀರು. ಆದರೆ ಉರಿಗೆ ಗಾಳಿ ಬೇಕೆಂಬ ನಿಯಮ ಮಾತ್ರ ಬದಲಾಗಿಲ್ಲ. ಗೀಸರಿನ ದೋಷಗಳಲ್ಲಿ ಕೆಲವು ಕೇವಲ ಅನನುಕೂಲ. ಇನ್ನು ಕೆಲವು ಪ್ರಾಣಾಪಾಯದ ಮುನ್ಸೂಚನೆ. ಇವುಗಳ ಭೇದವನ್ನು ಪ್ರತಿಯೊಂದು ಕುಟುಂಬವೂ ಅರಿತಿರಬೇಕು.

ಸಾಮಾನ್ಯ ದೋಷಗಳು

ನಲ್ಲಿ ತಿರುಗಿಸಿದಾಗ ಉರಿ ಹೊತ್ತದಿದ್ದರೆ ಮೊದಲು ಗೀಸರಿನ ಸೆಲ್‌ಗಳನ್ನು ಬದಲಿಸಿ ನೋಡಬೇಕು. ಕಿಡಿ ಹಾರುವ 'ಟಕ್ ಟಕ್' ಶಬ್ದ ಕೇಳದಿದ್ದರೆ ಬಹುತೇಕ ಸೆಲ್‌ಗಳು ಮುಗಿದಿರುತ್ತವೆ. ಶಬ್ದ ಬಂದರೂ ಹೊತ್ತದಿದ್ದರೆ ಸಿಲಿಂಡರ್ ಮತ್ತು ರೆಗ್ಯುಲೇಟರನ್ನು ಪರೀಕ್ಷಿಸಬೇಕು. ನೀರಿನ ಒತ್ತಡ ಕಡಿಮೆಯಿದ್ದರೂ ಗೀಸರ್ ಹೊತ್ತುವುದಿಲ್ಲ. ತಾರಸಿಯ ಟ್ಯಾಂಕ್ ಬಚ್ಚಲಿಗಿಂತ ಹೆಚ್ಚು ಎತ್ತರದಲ್ಲಿಲ್ಲದ ಮನೆಗಳಲ್ಲಿ ಇದು ಸಾಮಾನ್ಯ. ನೀರು ಒಳಬರುವಲ್ಲಿರುವ ಜಾಲರಿಯಲ್ಲಿ ಕಸ ಕಟ್ಟಿದ್ದರೆ ಅದನ್ನು ತೆಗೆಸಬೇಕು. ಚಳಿಗಾಲದಲ್ಲಿ ನೀರು ಸಾಕಷ್ಟು ಕಾಯದಿದ್ದರೆ ನೀರಿನ ಹರಿವನ್ನು ತುಸು ತಗ್ಗಿಸಿದರೆ ಸಾಕು. ಕೊಳವೆಬಾವಿಯ ಗಡಸು ನೀರು ಬಳಸುವವರ ಗೀಸರಿನ ಕೊಳವೆಗಳೊಳಗೆ ಸುಣ್ಣದಂಥ ಪದರ ಕಟ್ಟುತ್ತದೆ, ನುರಿತವರಿಂದ ಶುಚಿಗೊಳಿಸಿಕೊಳ್ಳಬೇಕು.

ಎಚ್ಚರಿಕೆಯ ದೋಷಗಳು

ಉರಿ ನೀಲಿಯಾಗಿರಬೇಕು. ಅದು ಹಳದಿಯಾದರೆ, ಗೀಸರಿನ ಮೇಲೆ ಮಸಿ ಕಂಡರೆ, ಅಥವಾ ಮುಚ್ಚಿದ ಬಚ್ಚಲಿನಲ್ಲಿ ಉರಿ ಮತ್ತೆ ಮತ್ತೆ ಆರಿದರೆ ಆ ಕ್ಷಣವೇ ಬಳಕೆ ನಿಲ್ಲಿಸಬೇಕು. ಇವು ಅನಿಲವು ಪೂರ್ಣವಾಗಿ ಉರಿಯುತ್ತಿಲ್ಲವೆಂಬುದರ ಗುರುತುಗಳಾಗಿರಬಹುದು. ಅಂಥ ದಹನದಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅಡುಗೆ ಅನಿಲಕ್ಕೆ ಬೇಕೆಂದೇ ವಾಸನೆ ಬೆರೆಸಿರುವುದರಿಂದ ಅದು ಸೋರಿದರೆ ನಮಗೆ ತಿಳಿಯುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ನೊಂದಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಬೆಸೆದುಕೊಳ್ಳುತ್ತದೆ. ಆಗ ಮಿದುಳು, ಹೃದಯಗಳಿಗೆ ಆಮ್ಲಜನಕ ತಲುಪದು.

ತಲೆನೋವು, ತಲೆಸುತ್ತು, ವಾಕರಿಕೆ, ಕೈಕಾಲುಗಳ ನಿಶ್ಶಕ್ತಿ ಇದರ ಮೊದಲ ಲಕ್ಷಣಗಳು. ಅನಂತರ ಪ್ರಜ್ಞೆ ತಪ್ಪಬಹುದು, ಸೆಳವು ಬರಬಹುದು. ಬಾಗಿಲು ತೆರೆಯಬೇಕೆಂದು ಅನಿಸುವ ಹೊತ್ತಿಗೆ ಏಳುವ ಶಕ್ತಿಯೇ ಉಳಿದಿರುವುದಿಲ್ಲ. ಇಂಥವರನ್ನು ಮೂರ್ಛೆರೋಗಿಗಳೆಂದು ತಪ್ಪಾಗಿ ಭಾವಿಸಿದ ಪ್ರಸಂಗಗಳನ್ನು ನಮ್ಮ ದೇಶದ ವೈದ್ಯರು ದಾಖಲಿಸಿದ್ದಾರೆ.

ಆಪತ್ತಿನಲ್ಲಿ ಮಾಡಬೇಕಾದುದು

ಸ್ನಾನಕ್ಕೆ ಹೋದವರು ಕರೆದರೂ ಓಗೊಡದಿದ್ದರೆ ಸಂಕೋಚಪಡದೆ ಬಾಗಿಲು ತೆರೆಯಿರಿ, ಅಗತ್ಯವಿದ್ದರೆ ಮುರಿಯಿರಿ. ಅವರನ್ನು ಮೊದಲು ಬಯಲಿನ ಗಾಳಿಗೆ ತನ್ನಿ, ಅನಿಲವನ್ನು ನಿಲ್ಲಿಸಿ, 108ಕ್ಕೆ ಕರೆ ಮಾಡಿ. ವಿಷಗಾಳಿಯಲ್ಲಿ ನೀವೂ ಹೆಚ್ಚು ಹೊತ್ತು ನಿಲ್ಲಬೇಡಿ. ಆಸ್ಪತ್ರೆಯಲ್ಲಿ ಹೇಳಲೇಬೇಕಾದ ಮಾತೊಂದಿದೆ: "ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿತ್ತು." ಬೆರಳಿಗೆ ಹಾಕುವ ಆಕ್ಸಿಮೀಟರ್ ಈ ವಿಷವನ್ನು ಗುರುತಿಸದೆ ಆಮ್ಲಜನಕ ಸರಿಯಾಗಿದೆಯೆಂದೇ ತೋರಿಸಬಹುದು. ನಿಮ್ಮ ಮಾತಿನಿಂದ ವೈದ್ಯರಿಗೆ ದಾರಿ ತಿಳಿಯುತ್ತದೆ. ಶುದ್ಧ ಆಮ್ಲಜನಕ ನೀಡುವುದೇ ಇದರ ಮುಖ್ಯ ಚಿಕಿತ್ಸೆ.

ಶಾಶ್ವತ ಪರಿಹಾರ

ಗೀಸರನ್ನು ಸ್ನಾನಗೃಹದ ಹೊರಗೆ, ಗಾಳಿಯಾಡುವ ಸ್ಥಳದಲ್ಲಿ ಅಳವಡಿಸಿ, ಬಿಸಿನೀರನ್ನಷ್ಟೇ ಕೊಳವೆಯ ಮೂಲಕ ಒಳಗೆ ತರುವುದು ಸರಿಯಾದ ಕ್ರಮ. ಅದಾಗುವವರೆಗೆ ಬಾಗಿಲು, ಕಿಟಕಿ ತೆರೆದಿಟ್ಟು ಬಕೆಟ್ ತುಂಬಿಕೊಂಡು, ಗೀಸರ್ ಆರಿಸಿ, ಗಾಳಿಯಾಡಲು ಬಿಟ್ಟು, ಬಳಿಕ ಸ್ನಾನ ಮಾಡಬೇಕು. ಚಳಿಯೆಂದು ಕಿಂಡಿಗೆ ಬಟ್ಟೆ ತುರುಕಬಾರದು. ವರ್ಷಕ್ಕೊಮ್ಮೆ ಗೀಸರನ್ನು ತಜ್ಞರಿಂದ ಪರೀಕ್ಷಿಸಬೇಕು. ಅನಿಲದ ವಾಸನೆ ಬಂದರೆ ವಿದ್ಯುತ್ ಗುಂಡಿಗಳನ್ನು ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಬಾಗಿಲುಗಳನ್ನು ತೆರೆದು, ಹೊರಗೆ ಬಂದು 1906ಕ್ಕೆ ತಿಳಿಸಬೇಕು.

ಮುಂಜಾನೆ ಪೂಜೆಗೆ ಮುನ್ನ ಮನೆಯವರೆಲ್ಲ ಒಬ್ಬರ ಹಿಂದೊಬ್ಬರು ಸ್ನಾನ ಮಾಡುವುದು ನಮ್ಮ ರೂಢಿ. ಕೊನೆಗೆ ಹೋಗುವವರ ಪಾಲಿಗೆ ಉಳಿಯುವುದು ಹಿಂದಿನವರೆಲ್ಲರ ಸ್ನಾನದ ವೇಳೆ ಕೆಟ್ಟ ಗಾಳಿ. ಆದ್ದರಿಂದ ಪ್ರತಿಯೊಬ್ಬರೂ ಹೊರಬಂದ ಮೇಲೆ ಬಾಗಿಲನ್ನು ತುಸು ಹೊತ್ತು ತೆರೆದಿಡೋಣ. ಇಂದೇ ನಿಮ್ಮ ಬಚ್ಚಲಿನ ಉರಿಯ ಬಣ್ಣವನ್ನೊಮ್ಮೆ ನೋಡಿರಿ.